ಇಸಿಜಿ ಚೀಟಿಯ ತಲೆ ಮಡಚುವುದು

ನಾನು ಓದುವಾಗ ನಮ್ಮ ಮೆಡಿಸಿನ್ ಪ್ರೊಫೆಸರ್‌ಗೆ ಒಂದು ಅಭ್ಯಾಸವಿತ್ತು. ಇಸಿಜಿ ಚೀಟಿಯನ್ನು ನಮ್ಮ ಕೈಗೆ ಕೊಡುವ ಮೊದಲು ಅದರ ತಲೆಯನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಮಡಚುತ್ತಿದ್ದರು. ಮಡಿಕೆಯ ಮೇಲೆ ಉಗುರು ಎಳೆದು ಗಟ್ಟಿ ಮಾಡಿ, ಆಮೇಲೆ ಕೊಡುತ್ತಿದ್ದರು. ಆ ಎರಡು ಬೆರಳಿನ ಜಾಗದಲ್ಲಿ ಮೆಷಿನ್ನು ತನ್ನ ಅಭಿಪ್ರಾಯವನ್ನು ಅಚ್ಚು ಹಾಕಿರುತ್ತದೆ. 'ನಾರ್ಮಲ್ ಸೈನಸ್ ರಿದಮ್', 'ಅಬ್‌ನಾರ್ಮಲ್ ಇಸಿಜಿ', ಹೀಗೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಅನ್‌ಕನ್‌ಫರ್ಮ್ಡ್' ಅಂತಲೂ ಇರುತ್ತದೆ, ಅಂದರೆ ಇದನ್ನು ಇನ್ನೂ ಯಾವ ಡಾಕ್ಟರೂ ನೋಡಿಲ್ಲ ಅಂತ. "ಅದರ ಉತ್ತರ ಅದು ಬರೆದಿದೆ. ನಿಮ್ಮದು ಹೇಳಿ," ಅನ್ನುತ್ತಿದ್ದರು. ನಾವು ಮಡಿಕೆಯ ಸಂದಿಯಲ್ಲಿ ಕದ್ದು ನೋಡಲು ಒದ್ದಾಡುತ್ತಿದ್ದೆವು. ಆಗ ಅದನ್ನು ಯಾರೂ ಎಐ ಅಂತ ಕರೆಯುತ್ತಿರಲಿಲ್ಲ. ಆದರೆ ಕಂಪ್ಯೂಟರ್ ಕೈಲಿ ಇಸಿಜಿ ಓದಿಸುವ ಪ್ರಯತ್ನ 1960ರ ದಶಕದಲ್ಲೇ ಶುರುವಾಗಿತ್ತು. ಈಗ ಎಲ್ಲರೂ 'ಎಐ ಆಸ್ಪತ್ರೆಗೆ ಬಂತು' ಅನ್ನುವಾಗ ನನಗೆ ನಗು ಬರುತ್ತದೆ. ಅದು ನಮ್ಮ ಹೋಬಳಿ ಮಟ್ಟದ ಕ್ಲಿನಿಕ್ಕುಗಳಿಗೆ ಬಂದು ಎಷ್ಟು ಕಾಲವಾಯಿತು! ಗುಲಾಬಿ ಬಣ್ಣದ ಚೌಕುಳಿ ಕಾಗದದ ತಲೆಯ ಮೇಲೆ ಸುಮ್ನೆ ಕೂತಿತ್ತು, ಅಷ್ಟೆ.

ತುಮಕೂರು ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ಲಿನಿಕ್ ನಡೆಸುತ್ತಿದ್ದೇನೆ. ಪ್ರೊಫೆಸರ್ ಕಲಿಸಿದ್ದರಲ್ಲಿ ಅರ್ಧ ಮರೆತಿದ್ದೇನೆ, ಚೀಟಿಯ ತಲೆ ಮಡಚುವುದನ್ನು ಮಾತ್ರ ಬಿಟ್ಟಿಲ್ಲ ಅಂತ ಹೆಮ್ಮೆಯಿತ್ತು. ಹೋದ ವರ್ಷ ಮಳೆಗಾಲದ ಒಂದು ಸಂಜೆಯ ತನಕ.

ಮುದ್ದೆ ಕೋಲು

ಏಳೂವರೆ ಆಗಿತ್ತು. ಹೊರಗಿನ ಬೆಂಚಿನಲ್ಲಿ ಇನ್ನೂ ಹದಿನೈದು ಜನ. ಐವತ್ನಾಲ್ಕು ವರ್ಷದ ಒಬ್ಬ ಹೆಂಗಸು ಸೊಸೆಯ ಟಿವಿಎಸ್ ಹಿಂದೆ ಕೂತು ಬಂದಿದ್ದರು. ಹಳೇ ಪೇಷೆಂಟ್. ಬಿಪಿ ಇದೆ, ಶುಗರ್ ಗಡಿಯಲ್ಲಿದೆ. "ಏನಮ್ಮಾ?" ಅಂದೆ. "ಏನಿಲ್ಲ ಡಾಕ್ಟ್ರೇ, ಗ್ಯಾಸ್ಟ್ರಿಕ್ಕು. ಮಧ್ಯಾಹ್ನದಿಂದ ಎದೇಲಿ ಒಂಥರಾ. ಒಂದು ಇಂಜೆಕ್ಷನ್ ಕೊಟ್ಬಿಡಿ, ಹೋಯ್ತೀನಿ." ಬಿಪಿ ನೋಡಿದೆ, ಸ್ವಲ್ಪ ಜಾಸ್ತಿ. ಯಾವುದಕ್ಕೂ ಇರಲಿ ಅಂತ ಸಿಸ್ಟರ್‌ಗೆ ಇಸಿಜಿ ತೆಗೆಯಲು ಹೇಳಿದೆ. ಅವರು ಪರದೆ ಎಳೆದು, ಜೆಲ್ಲಿ ಹಚ್ಚಿ, ರಬ್ಬರ್ ಬುಗ್ಗೆಗಳನ್ನು ಒತ್ತಿ ಕೂರಿಸಿ, ಐದು ನಿಮಿಷದಲ್ಲಿ ಚೀಟಿ ತಂದು ಮೇಜಿನ ಮೇಲಿಟ್ಟರು. ಆಗ ನಾನು ಇನ್ನೊಬ್ಬರ ಮಗುವಿನ ಕಿವಿ ನೋಡುತ್ತಿದ್ದೆ. ಬಗ್ಗಿದಲ್ಲಿಂದಲೇ ಕಣ್ಣು ಚೀಟಿಯ ಮೇಲೆ ಹೋಯಿತು. 'ನಾರ್ಮಲ್ ಇಸಿಜಿ.' ಕೆಳಗಿನ ಗೆರೆಗಳನ್ನೂ ನೋಡಿದೆ, ನೋಡಲಿಲ್ಲ ಅಂತಲ್ಲ. ಆದರೆ ನೋಡುವ ಮೊದಲೇ ಓದಿಯಾಗಿತ್ತು. ಹೊಟ್ಟೆ ಉರಿ ಮಾತ್ರೆ ಬರೆದೆ, ಖಾಲಿ ಹೊಟ್ಟೆಗೆ ಒಂದು. ಕಾಫಿ ಟೀ ಕಮ್ಮಿ ಮಾಡಿ, ಖಾರ ಬೇಡ, ನಾಳೆ ಬಂದು ತೋರಿಸಿ ಅಂದೆ.

ಅವರು ಎದ್ದು ಬಾಗಿಲ ತನಕ ಹೋದರು. ಸೊಸೆ ಮಾತ್ರ ಅಲ್ಲೇ ನಿಂತಳು. ಏನೋ ಹೇಳಬೇಕು, ಅತ್ತೆ ಮುಂದೆ ಹೇಳಲು ಮುಜುಗರ. "ಸಾರ್, ಇವತ್ತು ಅತ್ತೆಗೆ ಮುದ್ದೆ ತಿರುವಕ್ಕೇ ಆಗ್ಲಿಲ್ಲ. ಎರಡು ಸಲ ಕೋಲು ಬಿಟ್ಟು ಕೂತ್ಕೊಂಡ್ರು. ನಾನು ಮದುವೆಯಾಗಿ ಬಂದು ಎಂಟು ವರ್ಷ ಆಯ್ತು, ಒಂದಿನಾನೂ ಕೋಲು ನನ್ ಕೈಗೆ ಕೊಟ್ಟಿಲ್ಲ. ಇವತ್ತು ನೀನೇ ತಿರುವು ಅಂದ್ರು."

ಏಳು ಜನರ ಮನೆಯ ಮುದ್ದೆ ತಿರುವುದು ಅಂದರೆ ಏನು ಅಂತ ಗೊತ್ತಿದ್ದವರಿಗೆ ಗೊತ್ತು. ಪಾತ್ರೆಯನ್ನು ಕಾಲಲ್ಲೋ ಕವೆಯಲ್ಲೋ ಗಟ್ಟಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು, ಗಂಟಿಲ್ಲದಂತೆ ಕೂಡುವ ತನಕ ಬಿಡುವ ಹಾಗಿಲ್ಲ. ಬೆಂಗಳೂರಿನವರು ಟ್ರೆಡ್‌ಮಿಲ್ ಟೆಸ್ಟಿಗೆ ದುಡ್ಡು ಕೊಟ್ಟು ಓಡುತ್ತಾರೆ. ಈಯಮ್ಮನಿಗೆ ಆ ಟೆಸ್ಟು ದಿನಾ ಒಲೆ ಮುಂದೆ ಆಗುತ್ತಿತ್ತು, ಮೂವತ್ತೈದು ವರ್ಷದಿಂದ ಪಾಸಾಗುತ್ತಿದ್ದರು. ಅವತ್ತು ಫೇಲಾಗಿದ್ದರು. ವಾಪಸ್ ಕರೆದು ಕೂರಿಸಿದೆ. ಆಗ ನೋಡಿದೆ, ಫ್ಯಾನಿನ ಕೆಳಗೆ ಕೂತು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಹೊರಗೆ ಮಳೆ ಹನಿಯುತ್ತಿತ್ತು, ಉಳಿದವರೆಲ್ಲ ಸ್ವೆಟರ್ ಹಾಕಿದ್ದರು.

ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು ಇಸಿಜಿ ತೆಗೆಸಿದೆ. ಎರಡು, ಮೂರು, ಎವಿಎಫ್ ಅನ್ನುವ ಮೂರೂ ಸಾಲುಗಳಲ್ಲಿ ಎಸ್‌ಟಿ ಅನ್ನುವ ಭಾಗ ಎದ್ದು ನಿಂತಿತ್ತು. ಹೃದಯದ ಕೆಳಗೋಡೆಗೆ ರಕ್ತ ಹೋಗುವುದು ನಿಂತಿದೆ ಅಂತ ಎಂಬಿಬಿಎಸ್ ಹುಡುಗರೂ ಹೇಳುವಷ್ಟು ಸ್ಪಷ್ಟ. ಆಸ್ಪಿರಿನ್ ಅಗಿಯಲು ಕೊಟ್ಟೆವು, ಕ್ಲೊಪಿಡೊಗ್ರೆಲ್ ಕೊಟ್ಟೆವು. ಮಗನಿಗೆ ಫೋನು ಹೋಯಿತು. ನಮ್ಮ ತಾಲೂಕು ಆಸ್ಪತ್ರೆ ಆ ಕಡೆ ರಸ್ತೆಯಲ್ಲೇ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ನಿಮಗೆ ಗೊತ್ತೇ ಇದೆ. ಸಣ್ಣ ಊರಿನ ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಲ್ಲಿ ಎಐ ಸಹಾಯದಿಂದ ಓದಿ ಕೆಲವೇ ನಿಮಿಷದಲ್ಲಿ ಉತ್ತರ ಕೊಡುತ್ತಾರೆ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಹಾಕುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರದ ಔಷಧಿ. ಮುಂಚೆಯಾಗಿದ್ದರೆ ಇಂಥ ಪೇಷೆಂಟನ್ನು ಅಂಬುಲೆನ್ಸಿನಲ್ಲಿ ಹಾಕಿ, ದೇವರ ಮೇಲೆ ಭಾರ ಬಿಟ್ಟು, ಬೆಂಗಳೂರಿಗೆ ಕಳಿಸುತ್ತಿದ್ದೆವು. ಹಾದಿಯ ಆ ಎರಡು ಮೂರು ಗಂಟೆಯಲ್ಲೇ ಹೃದಯದ ಮಾಂಸ ಸಾಯುತ್ತಿತ್ತು. ಅವತ್ತು ಇಂಜೆಕ್ಷನ್ ಮೊದಲು ಬಿತ್ತು, ಬೆಂಗಳೂರು ಆಮೇಲೆ ಆಯಿತು. ಒಂದು ಸ್ಟೆಂಟ್ ಹಾಕಿಸಿಕೊಂಡು ಆರನೇ ದಿನ ಮನೆಗೆ ಬಂದರು.

ರಾತ್ರಿ ಎಲ್ಲಾ ಮುಗಿದ ಮೇಲೆ ಮೊದಲನೇ ಚೀಟಿಯನ್ನು ಮತ್ತೆ ಕೈಗೆತ್ತಿಕೊಂಡೆ. ಮೆಷಿನ್ನು ಪೂರ್ತಿ ಸುಳ್ಳು ಹೇಳಿರಲಿಲ್ಲ. ಹಾರ್ಟ್ ಅಟ್ಯಾಕಿನ ಮೊದಲ ಗಂಟೆಗಳಲ್ಲಿ ಇಸಿಜಿ ಎಷ್ಟೋ ಸಲ ನಾರ್ಮಲ್ಲೇ ಇರುತ್ತದೆ. ಆದರೆ ಎವಿಎಲ್ ಅನ್ನುವ ಗೆರೆಯಲ್ಲಿ ಕೂದಲೆಳೆಯಷ್ಟು ತಗ್ಗಿತ್ತು. ಕೆಳಗೋಡೆಯ ಅಟ್ಯಾಕು ಬರುವ ಮುಂಚೆ ಕೆಲವು ಸಲ ಮೊದಲು ಅಲ್ಲಿ ಕಾಣುತ್ತದೆ. ನಮ್ಮ ಪ್ರೊಫೆಸರ್ ಇದನ್ನು ಕನಿಷ್ಠ ಹತ್ತು ಸಲ ಹೇಳಿದ್ದರು. ಚೀಟಿಯ ತಲೆಯನ್ನು ನಾನು ಮಡಚಿರಲಿಲ್ಲ.

ಮೇಲಿನ ಸಾಲು

ಇದನ್ನು ಗೆಳೆಯರ ಹತ್ತಿರ ಹೇಳಿಕೊಂಡಾಗ ಇಬ್ಬರು ಎರಡು ರೀತಿ ಹೇಳಿದರು. ಒಬ್ಬ, "ನೋಡಿದ್ಯಾ, ಮೆಷಿನ್ ನಂಬಬಾರದು" ಅಂದ. ಇನ್ನೊಬ್ಬ, "ನಿನ್ನ ಮೆಷಿನ್ ಹಳೇದು. ಹೊಸಾದು ಆ ಎವಿಎಲ್ ಬಿಡ್ತಿರಲಿಲ್ಲ" ಅಂದ. ಎರಡೂ ಸರಿಯಿರಬಹುದು. ನನಗೆ ಕೊರೆಯುತ್ತಿದ್ದದ್ದು ಮಾತ್ರ ಅದಲ್ಲ. ನಾನು ಯಾವಾಗಿಂದ ಮಡಚುವುದನ್ನು ಬಿಟ್ಟಿದ್ದೆ? ಡ್ರಾಯರ್‌ನಲ್ಲಿದ್ದ ಹಳೇ ಚೀಟಿಗಳನ್ನು ತೆಗೆದು ನೋಡಿದೆ. ಎರಡು ವರ್ಷದ ಹಿಂದಿನವುಗಳಲ್ಲಿ ಮಡಿಕೆ ಇದೆ. ಅದರ ಮುಂದಿನ ವರ್ಷದವುಗಳಲ್ಲಿ ಅಲ್ಲೊಂದು ಇಲ್ಲೊಂದು. ಈ ಘಟನೆಯಾದ ವರ್ಷದವುಗಳಲ್ಲಿ ಒಂದರಲ್ಲೂ ಇಲ್ಲ. ಬಿಡುತ್ತೇನೆ ಅಂತ ನಾನು ಯಾವತ್ತೂ ತೀರ್ಮಾನ ಮಾಡಿರಲಿಲ್ಲ. ಮೆಷಿನ್ನು ನೂರಕ್ಕೆ ತೊಂಬತ್ತು ಸಲ ಸರಿ ಹೇಳುತ್ತಿತ್ತು, ಪೇಷೆಂಟುಗಳು ಜಾಸ್ತಿಯಾಗುತ್ತಿದ್ದರು, ಕೈ ತಾನಾಗೇ ಬಿಟ್ಟಿತ್ತು.

ಇದು ನನ್ನೊಬ್ಬನ ಸೋಮಾರಿತನವೂ ಅಲ್ಲ. ಜರ್ಮನಿಯ ಕಡೆಯ ಸಂಶೋಧಕರು 2023ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಎಕ್ಸ್‌ರೇ, ಸ್ಕ್ಯಾನ್ ಓದುವ 27 ರೇಡಿಯಾಲಜಿಸ್ಟುಗಳಿಗೆ 50 ಮ್ಯಾಮೋಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ ಕೊಟ್ಟು, ಎಐ ಹೀಗೆ ಹೇಳುತ್ತಿದೆ ಅಂತ ಪಕ್ಕದಲ್ಲಿ ಕ್ಯಾನ್ಸರಿನ ಅನುಮಾನ ಎಷ್ಟು ಅನ್ನುವ ಒಂದು ಅಂಕಿ ತೋರಿಸಿದರು. ಕೆಲವು ಕಡೆ ಬೇಕಂತಲೇ ತಪ್ಪು ಅಂಕಿ. ಅಂಕಿ ಸರಿಯಿದ್ದಾಗ ಹೊಸಬರೂ ಹಳಬರೂ ನೂರಕ್ಕೆ ಸುಮಾರು 80 ಸರಿ ಹೇಳಿದರು. ಅಂಕಿ ತಪ್ಪಿದ್ದಾಗ ಹೊಸಬರು 20ಕ್ಕೆ ಇಳಿದರು. ಅದು ಇರಲಿ, ಹೊಸಬರು. ಚೆನ್ನಾಗಿ ಪಳಗಿದವರು ಎಷ್ಟಕ್ಕೆ ಇಳಿದರು ಅಂತೀರಿ? ಸುಮಾರು 45ಕ್ಕೆ. ಅದೇ ಕಣ್ಣು, ಅದೇ ಚಿತ್ರ. ಪಕ್ಕದಲ್ಲಿ ಒಂದು ಅಂಕಿ, ಅಷ್ಟೆ.

ಪೋಲೆಂಡಿನ ಲೆಕ್ಕ ಇನ್ನೂ ಕಸಿವಿಸಿ ಮಾಡುವಂಥದ್ದು. ಅಲ್ಲಿ ನಾಲ್ಕು ಕೇಂದ್ರಗಳಲ್ಲಿ ದೊಡ್ಡಕರುಳಿನ ಎಂಡೋಸ್ಕೋಪಿ ಮಾಡುವ ಡಾಕ್ಟರುಗಳಿಗೆ ಎಐ ಕೊಟ್ಟರು. ಕರುಳಿನ ಗೋಡೆಯಲ್ಲಿ ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟು ಕಂಡರೆ ಪರದೆ ಮೇಲೆ ಚೌಕ ಹಾಕಿ ತೋರಿಸುತ್ತದೆ. ಕೆಲವು ತಿಂಗಳು ಅದರ ಜೊತೆ ಕೆಲಸ ಮಾಡಿದ ಮೇಲೆ, ಎಐ ಇಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಅವರ ಕಣ್ಣಿಗೆ ಬಿದ್ದದ್ದೆಷ್ಟು ಅಂತ ನೋಡಿದರು. ಮೊದಲು ನೂರರಲ್ಲಿ 28.4 ಜನರಲ್ಲಿ ಗಂಟು ಸಿಗುತ್ತಿತ್ತು. ಆಮೇಲೆ 22.4. ಇವರೆಲ್ಲ ತಲಾ ಎರಡು ಸಾವಿರಕ್ಕೂ ಜಾಸ್ತಿ ಪರೀಕ್ಷೆ ಮಾಡಿದ್ದ ಕೈಗಳು. 2025ರಲ್ಲಿ ಲ್ಯಾನ್ಸೆಟ್ ಗುಂಪಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಈ ವರದಿಗೆ ಇತಿಮಿತಿಗಳಿವೆ. ಹಿಂದೆ ತಿರುಗಿ ಲೆಕ್ಕ ಹಾಕಿದ್ದು, ನಡುವೆ ಬೇರೇನಾದರೂ ಬದಲಾಗಿರಬಹುದು. ಆದರೂ ಓದಿದಾಗ ನನಗೆ ನನ್ನ ಡ್ರಾಯರ್ ನೆನಪಾಯಿತು.

ಹಾಗಂತ ಸ್ವೀಡನ್ನಿನ ಕಥೆಯನ್ನು ಬಿಟ್ಟರೆ ಮೋಸವಾಗುತ್ತದೆ. ಅಲ್ಲಿ ಒಂದೊಂದು ಮ್ಯಾಮೋಗ್ರಾಮನ್ನೂ ಇಬ್ಬರು ರೇಡಿಯಾಲಜಿಸ್ಟುಗಳು ಓದುವ ಪದ್ಧತಿ. ಎಂಬತ್ತು ಸಾವಿರ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಚಿತ್ರಗಳನ್ನು ಎಐ ಜರಡಿ ಹಿಡಿದ ಮೇಲೆ ಹೆಚ್ಚಿನವನ್ನು ಒಬ್ಬರೇ ಓದಿದರು. ಓದುವ ಕೆಲಸ ನೂರಕ್ಕೆ 44ರಷ್ಟು ಕಮ್ಮಿಯಾಯಿತು. ಸಿಕ್ಕ ಕ್ಯಾನ್ಸರ್ ಕಮ್ಮಿಯಾಗಲಿಲ್ಲ, ಎಐ ಗುಂಪಿನಲ್ಲಿ 244, ಇಬ್ಬರು ಓದಿದ ಗುಂಪಿನಲ್ಲಿ 203. ಇದು ಚೀಟಿ ಎತ್ತಿ ಗುಂಪು ಮಾಡಿದ ಗಟ್ಟಿ ಪ್ರಯೋಗ, ಬಾಯಿಮಾತಲ್ಲ. ಎಐಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ 2016ರಲ್ಲಿ ಇನ್ನು ರೇಡಿಯಾಲಜಿಸ್ಟುಗಳನ್ನು ತಯಾರು ಮಾಡುವುದನ್ನೇ ನಿಲ್ಲಿಸಿ ಅಂದಿದ್ದರಲ್ಲ, ಐದು ವರ್ಷದಲ್ಲಿ ಮೆಷಿನ್ನು ಅವರನ್ನು ಮೀರಿಸುತ್ತದೆ ಅಂತ. ಅವರಿಗೆ 2024ರಲ್ಲಿ ನೊಬೆಲ್ ಬಂತು. ನಮ್ಮೂರಿಗೆ ಮಾತ್ರ ರೇಡಿಯಾಲಜಿಸ್ಟ್ ಬರುವುದು ಇವತ್ತಿಗೂ ಮಂಗಳವಾರ ಮತ್ತು ಶುಕ್ರವಾರ. ಗರ್ಭಿಣಿಯರು ಬೆಳಗ್ಗೆ ಏಳಕ್ಕೇ ಬಂದು ನೀರು ಕುಡಿದು ಕೂತಿರುತ್ತಾರೆ. ಇಬ್ಬರು ಓದುವಲ್ಲಿ ಒಬ್ಬರು ಸಾಕು ಅನ್ನುವುದು ಸ್ವೀಡನ್ನಿನ ಲೆಕ್ಕ. ಒಬ್ಬರೂ ಇಲ್ಲದ ಕಡೆ ಅದೇ ಮೆಷಿನ್ನು ಬೇರೆಯೇ ವಸ್ತು.

ಕೆಮ್ಮಿನ ತಾತ

ಮೇಲಿನ ಘಟನೆಯಾಗಿ ಎರಡು ತಿಂಗಳಿಗೆ ಇನ್ನೊಂದು ಆಯಿತು. ಇದರಲ್ಲಿ ನನಗೆ ಮರ್ಯಾದೆ ಇನ್ನೂ ಕಮ್ಮಿ.

ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದ ಒಬ್ಬ ತಾತ, ವಯಸ್ಸು ಎಪ್ಪತ್ತು ದಾಟಿದೆ. ಒಣ ಕೆಮ್ಮು. ರಾತ್ರಿ ಮಲಗಲು ಬಿಡುವುದಿಲ್ಲ. ನಾನು ಒಂದು ಸಿರಪ್ ಕೊಟ್ಟೆ. ಹದಿನೈದು ದಿನ ಬಿಟ್ಟು ಇನ್ನೊಂದು ಸಿರಪ್ ಕೊಟ್ಟೆ. ಕಫ ಪರೀಕ್ಷೆ ಮಾಡಿಸಿದೆ, ಎಕ್ಸ್‌ರೇ ತೆಗೆಸಿದೆ, ಎರಡೂ ಕ್ಲೀನ್. ಕೊಬ್ಬರಿ ಧೂಳಿಗೆ ಅಲರ್ಜಿ ಇರಬೇಕು ಅಂದೆ. ಮೂರನೇ ಸಲ ಮೊಮ್ಮಗಳ ಜೊತೆ ಬಂದರು, ಸೆಕೆಂಡ್ ಪಿಯುಸಿ ಹುಡುಗಿ. ತಾತ ಮಾತಾಡುತ್ತಿದ್ದರೂ ಅವಳು ಫೋನ್ ಹಿಡಿದು ನಿಂತಿದ್ದಳು. ಕೊನೆಗೆ ನಿಧಾನಕ್ಕೆ ಕೇಳಿದಳು: "ಸಾರ್, ತಪ್ಪು ತಿಳ್ಕೋಬೇಡಿ. ತಾತನ ಮಾತ್ರೆ ಹೆಸರೆಲ್ಲ ಹಾಕಿ ಎಐ ಹತ್ರ ಕೇಳ್ದೆ. ಈ ಬಿಪಿ ಮಾತ್ರೆಯಿಂದ ಒಣ ಕೆಮ್ಮು ಬರುತ್ತಂತೆ, ಹೌದಾ?"

ಎನಲಾಪ್ರಿಲ್. ಹತ್ತರಲ್ಲಿ ಒಬ್ಬರಿಗೆ ಬರಬಹುದಾದ ಕೆಮ್ಮು. ಪರೀಕ್ಷೆಯಲ್ಲಿ ಕೇಳಿದರೆ ನಿದ್ದೆಯಲ್ಲೂ ಬರೆಯುತ್ತಿದ್ದ ಉತ್ತರ. ಆ ಮಾತ್ರೆ ಬರೆದವನೂ ನಾನೇ, ನಾಲ್ಕು ತಿಂಗಳ ಹಿಂದೆ. ಬರೆದದ್ದು ನಾನೇ ಆದ್ದರಿಂದ ಸ್ಟ್ರಿಪ್ ತೋರಿಸಿ ಅಂತ ಕೇಳಲು ನನಗೆ ತೋಚಲೇ ಇಲ್ಲ. ಬೇರೆ ಡಾಕ್ಟರ್ ಬರೆದದ್ದಾಗಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದೆ ಅಂತ ಕಾಣುತ್ತದೆ (ಬೇರೆಯವರ ತಪ್ಪು ಹುಡುಕುವಾಗ ನಮ್ಮ ಬುದ್ಧಿ ಎಷ್ಟು ಚುರುಕು ಅಲ್ವಾ). "ಹೌದಮ್ಮಾ, ನೀನು ಹೇಳಿದ್ದು ಸರಿ" ಅಂದೆ. ಟೆಲ್ಮಿಸಾರ್ಟನ್‌ಗೆ ಬದಲಾಯಿಸಿದೆ. ಮೂರು ವಾರಕ್ಕೆ ಕೆಮ್ಮು ನಿಂತಿತು. ತಾತ ಈಗ ಎಲ್ಲರ ಹತ್ತಿರ ಮೊಮ್ಮಗಳು ಡಾಕ್ಟ್ರಿಗೇ ಪಾಠ ಮಾಡಿದಳು ಅಂತ ಹೇಳಿಕೊಂಡು ಓಡಾಡುತ್ತಾರೆ. ಸಂತೆಯಲ್ಲಿ ನನಗೇ ಇಬ್ಬರು ಹೇಳಿದರು.

ಆಮೇಲೆ ಅವಳ ಫೋನ್ ಇಸಿದುಕೊಂಡು ಪೂರ್ತಿ ಓದಿದೆ. ಆ ಉತ್ತರದಲ್ಲಿ ಎನಲಾಪ್ರಿಲ್ ಮೊದಲನೆಯದು. ಅದರ ಕೆಳಗೆ ಇನ್ನೂ ಎಂಟು ಕಾರಣಗಳಿದ್ದವು, ಶ್ವಾಸಕೋಶದ ಕ್ಯಾನ್ಸರ್ ಸೇರಿ. ಹುಡುಗಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಿರಲೂ ಇಲ್ಲ. ಎಕ್ಸ್‌ರೇ ಕ್ಲೀನ್ ಇದೆ ಅನ್ನುವುದನ್ನು ಅವಳು ಅದಕ್ಕೆ ಹೇಳಿರಲಿಲ್ಲ, ಯಾಕೆಂದರೆ ಅದು ಅವಳಿಗೆ ಗೊತ್ತೇ ಇರಲಿಲ್ಲ. ಫಿಲ್ಮು ನನ್ನ ಕ್ಲಿನಿಕ್ಕಿನಲ್ಲೇ ಉಳಿದಿತ್ತು.

ಅವಳು ಹಾಕಿದ ಪ್ರಶ್ನೆ ಒಳ್ಳೆಯದಿತ್ತು ಅನ್ನುವುದೂ ಮುಖ್ಯ. ಎಲ್ಲ ಮಾತ್ರೆಯ ಹೆಸರನ್ನೂ, ಯಾವಾಗ ಶುರುವಾಯಿತು ಅನ್ನುವುದನ್ನೂ ಬರೆದಿದ್ದಳು. ಅಮೆರಿಕದ ಅರವತ್ತು ವರ್ಷದ ಒಬ್ಬ ಮನುಷ್ಯ ಉಪ್ಪಿನ ಬದಲು ಏನು ಬಳಸಬಹುದು ಅಂತ ಚಾಟ್‌ಬಾಟ್ ಹತ್ತಿರ ವಿಚಾರಿಸಿ, ಮೂರು ತಿಂಗಳು ಸೋಡಿಯಂ ಬ್ರೋಮೈಡ್ ಅನ್ನುವ ವಿಷಕಾರಿ ರಾಸಾಯನಿಕ ತಿಂದು, ಪಕ್ಕದ ಮನೆಯವನು ವಿಷ ಹಾಕುತ್ತಿದ್ದಾನೆ ಅಂತ ಭ್ರಮೆ ಹತ್ತಿ ಆಸ್ಪತ್ರೆ ಸೇರಿದ್ದು 2025ರಲ್ಲಿ ವರದಿಯಾಯಿತು. ಅವನು ನಿಜವಾಗಿ ಏನು ಕೇಳಿದ್ದ ಅನ್ನುವುದು ಡಾಕ್ಟರುಗಳಿಗೆ ಸಿಗಲಿಲ್ಲ. ಅಡುಗೆಗೆ ಅಂತ ಕೇಳಿದನೋ, ತೊಳೆದು ಶುಚಿ ಮಾಡುವುದಕ್ಕೆ ಅಂತ ತಿಳಿದು ಅದು ಹೇಳಿತೋ.

'ಗ್ಯಾಸ್ಟ್ರಿಕ್' ಅಂದರೆ

ನಮ್ಮ ಕಡೆ ಗ್ಯಾಸ್ಟ್ರಿಕ್ ಅನ್ನುವುದು ಕಾಯಿಲೆಯ ಹೆಸರಲ್ಲ, ಒಂದು ಪ್ರದೇಶದ ಹೆಸರು. ಗಂಟಲಿಂದ ಹೊಕ್ಕಳ ತನಕ ಎಲ್ಲಿ ಏನಾದರೂ ಗ್ಯಾಸ್ಟ್ರಿಕ್ಕೇ. ಬೆನ್ನಿಗೆ ಬಂದರೆ 'ಗ್ಯಾಸು ಬೆನ್ನಿಗೆ ಹಿಡ್ಕೊಂಡಿದೆ', ತಲೆ ಸುತ್ತಿದರೆ 'ಗ್ಯಾಸು ತಲೆಗೇರಿದೆ'. ಸುಸ್ತು ಅಂದರೆ ರಕ್ತ ಕಮ್ಮಿ ಇರಬಹುದು, ಉಬ್ಬಸ ಇರಬಹುದು, ಮಗ ಫೋನ್ ಮಾಡದೆ ತಿಂಗಳಾಗಿರಬಹುದು. 'ಕಾಲು ಜೋಮು ಹಿಡಿಯುತ್ತೆ' ಅಂದರೆ ಶುಗರ್ ನರಕ್ಕೆ ಹೋಗಿರಬಹುದು. ಹೆಂಗಸರು 'ಸೊಂಟ ನೋವು' ಅಂತ ಬಂದು, ಗಂಡ ಆಚೆ ಹೋಗುವ ತನಕ ಕಾದು, ಆಮೇಲೆ 'ಬಿಳುಪು ಹೋಗುತ್ತೆ' ಅನ್ನುತ್ತಾರೆ. ಎಷ್ಟೋ ಸಲ ನಿಜವಾದ ಮಾತು ಹೊರಡುವುದು ಪೇಷೆಂಟ್ ಎದ್ದು ಬಾಗಿಲ ಹತ್ತಿರ ಹೋದಾಗ. ಸೊಸೆಯೂ ಅಲ್ಲೇ ನಿಂತಿದ್ದಳಲ್ಲ.

ಆಕ್ಸ್‌ಫರ್ಡ್‌ನವರು ಬ್ರಿಟನ್ನಿನ 1,298 ಜನರ ಮೇಲೆ ಮಾಡಿದ ಒಂದು ಪ್ರಯೋಗ ಇದೇ ಬಾಗಿಲ ಮಾತನ್ನು ನನಗೆ ನೆನಪಿಸಿತು. ಹತ್ತು ಕಾಯಿಲೆಗಳ ಕಥೆ ಮಾಡಿ, ಪೂರ್ತಿ ಕಥೆಯನ್ನು ನೇರವಾಗಿ ಎಐಗೆ ಕೊಟ್ಟರು. ನೂರಕ್ಕೆ ಸುಮಾರು 95 ಸಲ ಸರಿಯಾದ ಕಾಯಿಲೆಯನ್ನು ಹೆಸರಿಸಿತು. ಆಮೇಲೆ ಅದೇ ಕಥೆಯನ್ನು ಸಾಮಾನ್ಯ ಜನರಿಗೆ ಕೊಟ್ಟು, ಇದು ನಿಮಗೇ ಆಗಿದೆ ಅಂದುಕೊಳ್ಳಿ, ಎಐ ಜೊತೆ ಮಾತಾಡಿ ಏನಾಗಿದೆ ಕಂಡುಕೊಳ್ಳಿ ಅಂದರು. ಆಗ ಸರಿಯಾದ ಕಾಯಿಲೆ ಸಿಕ್ಕಿದ್ದು ನೂರಕ್ಕೆ 35ಕ್ಕಿಂತ ಕಮ್ಮಿ. ಎಐ ಇಲ್ಲದೆ ತಮಗೆ ತೋಚಿದ ಹಾಗೆ ಹುಡುಕಿದವರಿಗಿಂತ ಇವರೇನೂ ಮೇಲಾಗಲಿಲ್ಲ. ಜ್ಞಾನ ಅದರ ಹತ್ತಿರ ಇತ್ತು, ನೋವು ಇವರ ಹತ್ತಿರ ಇತ್ತು. ನಡುವಿನ ಮಾತೇ ಕೂಡಿಬರಲಿಲ್ಲ. ಏನನ್ನು ಹೇಳಬೇಕು ಅಂತ ಜನಕ್ಕೆ ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಮುದ್ದೆ ಕೋಲು ಬಿಟ್ಟು ಕೂತದ್ದು ಎದೆಯ ಕಾಯಿಲೆಗೆ ಸಂಬಂಧಪಟ್ಟದ್ದು ಅಂತ ಈಯಮ್ಮನಿಗೆ ಅನ್ನಿಸಿಯೇ ಇರಲಿಲ್ಲ. ಫೋನಿಗಾಗಲಿ ನನಗಾಗಲಿ ಅವರು ಹೇಳುತ್ತಿದ್ದದ್ದು 'ಗ್ಯಾಸ್ಟ್ರಿಕ್ಕು' ಅಂತಲೇ.

ಇಲ್ಲಿ ನಾನು ಎದೆಯುಬ್ಬಿಸಿ ಡಾಕ್ಟರ್ ಪರವಾಗಿ ಮಾತಾಡಬಹುದು. ಮಾತಾಡಲು ಬಾಯಿ ಬರುವುದಿಲ್ಲ. ನಾನು ಕೇಳಿರಲಿಲ್ಲ, ಸೊಸೆ ತಾನಾಗೇ ಹೇಳಿದಳು. ದಿನಕ್ಕೆ ಎಪ್ಪತ್ತು ಪೇಷೆಂಟ್ ನೋಡುವವನು ಒಬ್ಬೊಬ್ಬರಿಗೆ ಎಷ್ಟು ನಿಮಿಷ ಕೊಡುತ್ತಾನೆ ಅಂತ ನೀವೇ ಲೆಕ್ಕ ಹಾಕಿ. ಫೋನಿಗೆ ಪುರುಸೊತ್ತಿದೆ. ರಾತ್ರಿ ಎರಡು ಗಂಟೆಗೂ ಬೇಜಾರಿಲ್ಲದೆ ಉತ್ತರ ಕೊಡುತ್ತದೆ. ಜನ ಇಂಟರ್ನೆಟ್ಟಿನಲ್ಲಿ ಕೇಳಿದ್ದ 195 ಪ್ರಶ್ನೆಗಳಿಗೆ ಡಾಕ್ಟರುಗಳು ಕೊಟ್ಟ ಉತ್ತರವನ್ನೂ ಚಾಟ್‌ಜಿಪಿಟಿ ಕೊಟ್ಟ ಉತ್ತರವನ್ನೂ ಹೆಸರು ಮುಚ್ಚಿ 2023ರಲ್ಲಿ ಹೋಲಿಸಿದರು. ಅಳೆದವರೂ ವೈದ್ಯಕೀಯ ಕ್ಷೇತ್ರದವರೇ. ನೂರಕ್ಕೆ ಸುಮಾರು 79 ಸಲ ಮೆಷಿನ್ನಿನ ಉತ್ತರವೇ ವಾಸಿ ಅಂದರು, ಮರುಕವೂ ಅದರಲ್ಲೇ ಜಾಸ್ತಿ ಅಂದರು. ಗಡಿಬಿಡಿಯಲ್ಲಿ ಎರಡು ಸಾಲು ಗೀಚುವವನಿಗೂ, ಗಡಿಬಿಡಿಯೇ ಗೊತ್ತಿಲ್ಲದ್ದಕ್ಕೂ ಎಂಥ ಪೈಪೋಟಿ ಅಂತ ಮೊದಲು ಸಿಟ್ಟು ಬಂತು. ಆಮೇಲೆ ನನ್ನದೇ ಕೆಲವು ವಾಟ್ಸಾಪ್ ಉತ್ತರಗಳನ್ನು ತೆಗೆದು ಓದಿದೆ. 'ಅದೇ ಮಾತ್ರೆ ಮುಂದುವರಿಸಿ.' 'ನಾಳೆ ಬನ್ನಿ.' 'ಓಕೆ.' ಸಿಟ್ಟು ಇಳಿಯಿತು.

ಕತ್ತಲೆ ಕೋಣೆ

ಸಕ್ಕರೆ ಕಾಯಿಲೆ ಕಣ್ಣಿನ ಪರದೆಯನ್ನು ಸದ್ದಿಲ್ಲದೆ ತಿನ್ನುತ್ತದೆ. ದೃಷ್ಟಿ ಮಂಜಾಗುವ ಹೊತ್ತಿಗೆ ಬಹಳಷ್ಟು ಹೋಗಿರುತ್ತದೆ. ಮೊದಲೇ ಫೋಟೋ ತೆಗೆದು ನೋಡಿದರೆ ಲೇಸರ್‌ನಲ್ಲಿ ಉಳಿಸಬಹುದು. ಆದರೆ ಅಷ್ಟು ಫೋಟೋ ಓದಲು ಕಣ್ಣಿನ ಡಾಕ್ಟರುಗಳು ಎಲ್ಲಿದ್ದಾರೆ? ಹಾಗಾಗಿ 2016ರಲ್ಲಿ ಗೂಗಲ್‌ನವರ ಕೆಲಸ ಪ್ರಕಟವಾದಾಗ ನಿಜಕ್ಕೂ ಖುಷಿಯಾಗಿತ್ತು. 1,28,175 ಕಣ್ಣಿನ ಚಿತ್ರಗಳನ್ನು ಡಾಕ್ಟರುಗಳ ಕೈಲಿ ಗುರುತು ಹಾಕಿಸಿ ಮೆಷಿನ್ನಿಗೆ ಕಲಿಸಿದ್ದರು. ಆ ಚಿತ್ರಗಳಲ್ಲಿ ನಮ್ಮ ದೇಶದ ಮೂರು ಕಣ್ಣಾಸ್ಪತ್ರೆಗಳವೂ ಇದ್ದವು: ಅರವಿಂದ್, ಶಂಕರ ನೇತ್ರಾಲಯ, ಬೆಂಗಳೂರಿನ ನಾರಾಯಣ ನೇತ್ರಾಲಯ. ಯಾರೋ ರಾಗಿ ಬೆಳೆಯುವವರ ಕಣ್ಣೂ ಅದಕ್ಕೆ ಪಾಠ ಹೇಳಿರಬಹುದು. ಪರೀಕ್ಷೆಯಲ್ಲಿ ಅದು ಕಣ್ಣಿನ ತಜ್ಞರ ಸಮಕ್ಕೆ ನಿಂತಿತು.

ಆಮೇಲೆ ಅದನ್ನು ಥಾಯ್ಲೆಂಡಿನ ಹನ್ನೊಂದು ಸಣ್ಣ ಕ್ಲಿನಿಕ್ಕುಗಳಿಗೆ ಒಯ್ದರು. ಫೋಟೋ ತೆಗೆಯುವವರು ನರ್ಸುಗಳು. ಚಿತ್ರ ಸ್ಪಷ್ಟವಾಗಿಲ್ಲದಿದ್ದರೆ ಓದುವುದಿಲ್ಲ ಅಂತ ಮೆಷಿನ್ನಿಗೆ ಕಟ್ಟುನಿಟ್ಟಾಗಿ ಕಲಿಸಿದ್ದರು, ತಪ್ಪು ಓದಬಾರದು ಅಂತ. ನೂರರಲ್ಲಿ 21 ಚಿತ್ರಗಳನ್ನು ವಾಪಸ್ ಕಳಿಸಿತು. ಯಾಕೆ ಅಂದರೆ, ಕತ್ತಲೆ ಕೋಣೆ ಎಲ್ಲ ಕಡೆ ಇರಲಿಲ್ಲ. ಮೆಷಿನ್ನು ಓದಲ್ಲ ಅಂದ ಪೇಷೆಂಟು ಇನ್ನೊಂದು ದಿನ ಕೆಲಸ ಬಿಟ್ಟು ದೂರದ ಆಸ್ಪತ್ರೆಗೆ ಹೋಗಬೇಕಿತ್ತು, ಏನೂ ಇಲ್ಲದಿದ್ದರೂ. ಚಿತ್ರ ಕಳಿಸಲು ಇಂಟರ್ನೆಟ್ ಬೇಕು, ಅದು ತೆವಳುತ್ತಿತ್ತು. ಇದನ್ನು ಮುಚ್ಚಿಡದೆ 2020ರಲ್ಲಿ ಗೂಗಲ್‌ನವರೇ ಬರೆದು ಪ್ರಕಟಿಸಿದರು, ಅದಕ್ಕೆ ಅವರಿಗೊಂದು ನಮಸ್ಕಾರ.

ಇದನ್ನು ಓದಿದಾಗ ನಮ್ಮ ಸಮುದಾಯ ಭವನದ ಶುಗರ್ ಕ್ಯಾಂಪ್ ಕಣ್ಣ ಮುಂದೆ ಬಂತು. ಕಣ್ಣಿನ ಫೋಟೋ ಕ್ಯಾಮೆರಾ ತಂದಿದ್ದರು. ಕಿಟಕಿಗಳಿಗೆ ಬಾಗಿಲಿಲ್ಲ. ಅಡುಗೆ ಕೋಣೆಯಲ್ಲಿ ಕ್ಯಾಮೆರಾ ಇಟ್ಟು, ಕಿಟಕಿಗೆ ಎರಡು ಜಮಖಾನ ಮೊಳೆ ಹೊಡೆದು, ಅದೂ ಸಾಲದೆ ಪೇಷೆಂಟಿನ ತಲೆ ಮತ್ತು ಕ್ಯಾಮೆರಾ ಎರಡಕ್ಕೂ ಸೇರಿಸಿ ಒಂದು ಕಪ್ಪು ಕಂಬಳಿ ಹೊದಿಸಿದ್ದು ನಮ್ಮ ಆಶಾ ಕಾರ್ಯಕರ್ತೆ. ಹಳೇ ಕಾಲದ ಫೋಟೋ ಸ್ಟುಡಿಯೋ ಥರ. ಅಜ್ಜಿಯೊಬ್ಬರು ಒಳಗಿಂದ "ಏನವ್ವ ಇದು, ಉಸಿರು ಕಟ್ತೈತೆ" ಅಂದರು. ಆದರೆ ಚಿತ್ರ ಬಂತು, ಮೆಷಿನ್ನು ಓದಿತು. ಇಬ್ಬರ ಕಣ್ಣಿನಲ್ಲಿ ರಕ್ತ ಸೋರಿದ್ದು ಸಿಕ್ಕಿತು. ಅವರಿಗೆ ಏನೂ ತೊಂದರೆ ಅನ್ನಿಸಿರಲಿಲ್ಲ. ಒಬ್ಬರಂತೂ ಪಕ್ಕದ ಮನೆಯವರ ಜೊತೆಗೆ ಅಂತ ಬಂದವರು.

ಟೇಪು

ಆರು ತಿಂಗಳ ಹಿಂದೆ ಹೊಸ ಇಸಿಜಿ ಮೆಷಿನ್ ತೆಗೆದುಕೊಂಡೆ. ಕಾಗದವೇ ಇಲ್ಲ. ಟ್ಯಾಬ್ ಮೇಲೆ ಗೆರೆ ಮೂಡುತ್ತದೆ, ಎಐ ಓದಿ ಮೇಲ್ಗಡೆ ಮೂಲೆಯಲ್ಲಿ ಹಸಿರು, ಹಳದಿ, ಕೆಂಪು ಅಂತ ಬಣ್ಣ ಹಾಕುತ್ತದೆ. ಮಾರಲು ಬಂದ ಹುಡುಗನಿಗೆ ಮೊದಲ ಪ್ರಶ್ನೆ ಇದನ್ನೇ ಕೇಳಿದೆ: "ಆ ಬಣ್ಣ ಆಫ್ ಮಾಡೋದು ಹೇಗಪ್ಪಾ?" ಅವನು ನಕ್ಕ. "ಸಾರ್, ಜನ ಅದಕ್ಕೇ ದುಡ್ಡು ಕೊಡೋದು." ಗೆರೆ ನೋಡಿ ನಾನು ನನ್ನ ಉತ್ತರ ಒತ್ತಿದ ಮೇಲೆ ಬಣ್ಣ ತೋರಿಸುವ ಹಾಗೆ ಮಾಡಲು ಆಗಲ್ವಾ ಅಂದೆ. ಕಂಪನಿಗೆ ಹೇಳ್ತೀನಿ ಅಂದ. ಅದು ಕಷ್ಟದ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ. ಯಾರೂ ಕೇಳಿಲ್ಲ, ಅಷ್ಟೆ.

ಕಾನೂನಿನ ಪ್ರಕಾರ ಸಹಿ ನನ್ನದೇ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ನಿಯಮಗಳಲ್ಲೇ, ಎಐ ಪೇಷೆಂಟಿಗೆ ಸಲಹೆ ಕೊಡುವ ಹಾಗಿಲ್ಲ, ಔಷಧಿ ಬರೆಯುವ ಹಾಗಿಲ್ಲ, ಡಾಕ್ಟರಿಗೆ ನೆರವಾಗಬಹುದು ಅಂತ ಬರೆದಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ತಂದ ಮಾರ್ಗಸೂಚಿಯಲ್ಲೂ ನಡುವೆ ಮನುಷ್ಯ ಇರಬೇಕು ಅನ್ನುತ್ತದೆ. ಸರಿ. ಆದರೆ ಎಂಟನೇ ಗಂಟೆಯ ಅರವತ್ತೆಂಟನೇ ಪೇಷೆಂಟಿನ ಮುಂದೆ, ಮೂಲೆಯಲ್ಲಿ ಹಸಿರು ಹೊಳೆಯುತ್ತಿರುವಾಗ, ನಡುವೆ ಇರುವ ಆ ಮನುಷ್ಯ ಎಷ್ಟು ಇರುತ್ತಾನೆ ಅನ್ನುವುದು ನಿಯಮದಲ್ಲಿ ಬರೆಯಲು ಬರುವ ಮಾತಲ್ಲ.

ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಗಾಯಕ್ಕೆ ಹಾಕುವ ಬಿಳಿ ಮೈಕ್ರೋಪೋರ್ ಟೇಪನ್ನು ಎರಡು ಬೆರಳಗಲ ಹರಿದು ಟ್ಯಾಬಿನ ಆ ಮೂಲೆಗೆ ಅಂಟಿಸಿದೆ. ಗೆರೆ ನೋಡಿ, ನನ್ನದನ್ನು ಪೇಷೆಂಟಿನ ಪುಸ್ತಕದಲ್ಲಿ ಬರೆದು, ಆಮೇಲೆ ಟೇಪಿನ ತುದಿ ಎತ್ತಿ ಬಣ್ಣ ನೋಡುವುದು. ನನ್ನದಕ್ಕೂ ಅದರದಕ್ಕೂ ಬೇರೆಯಾದಾಗೆಲ್ಲ ಮತ್ತೊಮ್ಮೆ ಇಸಿಜಿ, ಮತ್ತೊಮ್ಮೆ ಮಾತು. ಇದುವರೆಗೆ ಹನ್ನೊಂದು ಸಲ ಬೇರೆಯಾಗಿದೆ. ಅದರಲ್ಲಿ ಏಳು ಸಲ ಅದು ಸರಿ, ಮೂರು ಸಲ ನಾನು ಸರಿ, ಒಂದು ಇನ್ನೂ ತೀರ್ಮಾನವಾಗಿಲ್ಲ. ಮುದ್ದೆಯ ಅಮ್ಮ ಚೆಕಪ್ಪಿಗೆ ಬಂದಾಗ ಟೇಪು ನೋಡಿ, "ಮೆಷಿನ್ನಿಗೂ ಗಾಯ ಆಯ್ತದಾ ಡಾಕ್ಟ್ರೇ?" ಅಂತ ಕೇಳಿದರು. ಈಗ ಕೋಲು ಸೊಸೆಯ ಕೈಯಲ್ಲಿದೆಯಂತೆ. ಗಂಟು ಗಂಟು ಮಾಡುತ್ತಾಳೆ ಅಂತ ದೂರಿದರು.

ಮೊನ್ನೆ ಗುರುವಾರ ಒಂದು ಇಸಿಜಿ ನೋಡುವಾಗ ಮೂಲೆಯಲ್ಲಿ ಹಸಿರು ಕಾಣಿಸಿತು. ಟೇಪ್ ಇರಲಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸುವಾಗ ಅಂಟು ಬಿಟ್ಟು ಬಿದ್ದಿತ್ತಂತೆ.

"ಯಾವಾಗ ಬಿತ್ತು ಸಿಸ್ಟರ್?" ಅಂದೆ.

"ಹೋದ ಸೋಮವಾರಾನೇ ಸಾರ್," ಅಂದರು. "ನೀವು ಕೇಳ್ತೀರೇನೋ ಅಂದ್ಕೊಂಡಿದ್ದೆ."